ಎಲ್ಲಿ ಇಳಿದುಕೊಂಡಿದ್ದೀರಿ?

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಊರಿಗೆ ಬಂದ ನನಗೆ ಮೊದಲು ಸಿಕ್ಕ ಕೆಲಸವೆಂದರೆ ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಲಾಡ್ಜಿನಲ್ಲಿ ಗಲ್ಲಾದ ಮೇಲೆ ಕೂರುವುದು. ಆರು ತಿಂಗಳು ಕೂತರಾಯಿತು, ಅಷ್ಟರಲ್ಲಿ ಎಲ್ಲಾದರೂ ಮೇಷ್ಟ್ರ ಕೆಲಸ ಸಿಕ್ಕೀತು ಎಂದುಕೊಂಡು 1990ರಲ್ಲಿ ಕೂತವನು ಏಳು ವರ್ಷ ಕೂತೆ. ಲಾಡ್ಜು ದೊಡ್ಡದೇನಲ್ಲ. ಕೆಳಗೆ ಹೋಟೆಲು, ಮೇಲೆ ಹದಿನಾಲ್ಕು ಕೋಣೆ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮ ಊರಿನಲ್ಲಿ ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ ಬಿಳಿಯರ ಓಡಾಟ ಹೆಚ್ಚಾಗಿತ್ತು. ಹುಬ್ಬಳ್ಳಿ ಕಡೆಯಿಂದಲೋ ಗುಂತಕಲ್ ಕಡೆಯಿಂದಲೋ ರೈಲಿಳಿದು ಬಂದವರು ಒಂದು ರಾತ್ರಿ ನಮ್ಮಲ್ಲಿ ತಂಗಿ ಬೆಳಿಗ್ಗೆ ಹಂಪಿಯ ಬಸ್ಸು ಹಿಡಿಯುತ್ತಿದ್ದರು. ಆ ಒಂದು ರಾತ್ರಿಗೂ ಒಂದು ಕಾಗದ ತುಂಬಬೇಕಾಗಿತ್ತು. ಅದರ ಹೆಸರು ಸಿ ಫಾರಮ್ಮು.

ಓದುಗರಲ್ಲಿ ಲಾಡ್ಜು ನಡೆಸಿದವರು ಕಡಿಮೆಯಿರಬಹುದಾದ್ದರಿಂದ ಇದನ್ನು ಸ್ವಲ್ಪ ವಿವರಿಸಬೇಕು. ಹೋಟೆಲಾಗಲಿ, ಛತ್ರವಾಗಲಿ, ಬಾಡಿಗೆಯ ಕೋಣೆಯಾಗಲಿ, ವಿದೇಶಿಯೊಬ್ಬ ಬಂದು ಇಳಿದುಕೊಂಡರೆ ಇಪ್ಪತ್ನಾಲ್ಕು ಗಂಟೆಯೊಳಗೆ ಆ ಜಾಗದವರು ವಿದೇಶಿಯರ ನೋಂದಣಿ ಅಧಿಕಾರಿಗೆ ವರದಿ ಕಳಿಸಬೇಕು. ಜಿಲ್ಲೆಯಲ್ಲಿ ಆ ಅಧಿಕಾರಿಯೆಂದರೆ ಪೊಲೀಸ್ ಸೂಪರಿಂಟೆಂಡೆಂಟರು. ನಮ್ಮ ಮಟ್ಟಿಗೆ ಠಾಣೆಯ ರೈಟರು. ಹೆಸರು, ಹುಟ್ಟಿದ ತಾರೀಖು, ಯಾವ ದೇಶ, ಆ ದೇಶದಲ್ಲಿ ಮನೆ ಎಲ್ಲಿ, ಪಾಸ್‌ಪೋರ್ಟಿನ ನಂಬರು, ವೀಸಾದ ನಂಬರು, ಎಲ್ಲಿಂದ ಬಂದದ್ದು, ಎಷ್ಟು ದಿನ ಇರುವುದು, ಮುಂದೆ ಎಲ್ಲಿಗೆ ಹೋಗುವುದು. ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವವನಾದರೆ ತಾನೇ ಹೋಗಿ ನೋಂದಾಯಿಸಿಕೊಂಡು, ಮನೆ ಬದಲಾಯಿಸಿದಾಗ ಮತ್ತೆ ತಿಳಿಸಬೇಕು. ದಾರಿಹೋಕನ ಪರವಾಗಿ ತಿಳಿಸುವ ಹೊಣೆ ಮಾತ್ರ ಇಳಿಸಿಕೊಂಡವನದು.

ಬಂದವರು ದೊಡ್ಡ ರಿಜಿಸ್ಟರಿನಲ್ಲಿ ತಮ್ಮ ಕೈಯಾರೆ ಬರೆಯುತ್ತಿದ್ದರು. ಅದನ್ನು ನೋಡಿಕೊಂಡು ನಾನು ರಾತ್ರಿ ಹತ್ತರ ಮೇಲೆ ಮೂರು ಕಾರ್ಬನ್ ಹಾಳೆ ಇಟ್ಟು ಫಾರಮ್ಮು ತುಂಬುತ್ತಿದ್ದೆ. ಬೆಳಿಗ್ಗೆ ರೈಟರ ಮೇಜಿಗೆ ಮುಟ್ಟಿಸುವುದು. ಐವತ್ತು ದಾಟಿದ ಆ ರೈಟರಿಗೆ ನನ್ನ ಎಂ.ಎ. ಎಂದರೆ ಬಲು ತಮಾಷೆ. "ಏನಪಾ ಎಮ್ಮೆ ಸಾಹೇಬಾ, ಇವತ್ತು ಎಷ್ಟು ಮಂದಿ?" ಎಂದು ಕೇಳಿ, ಫಾರಮ್ಮುಗಳನ್ನು ಎಣಿಸಿ, ಓದದೆಯೇ ಒಂದು ತಂತಿಗೆ ಚುಚ್ಚಿಬಿಡುತ್ತಿದ್ದರು. ಓದುವವರಿಲ್ಲವೆಂದು ಗೊತ್ತಾದ ಮೇಲೆ ಬರೆಯುವವನ ಕೈ ಹೇಗೆ ಓಡುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಆದರೂ ಇತಿಹಾಸ ಓದಿದ ಚಪಲ. ಈ ಕಾಗದ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ನಮ್ಮ ದೇಶದಲ್ಲಿ ವಿದೇಶಿಯರ ಬಗ್ಗೆ ಬ್ರಿಟಿಷರು ಮಾಡಿದ ಮೊದಲ ದೊಡ್ಡ ಕಾಯ್ದೆ 1864ರದು. ಸರ್ಕಾರಕ್ಕೆ ಬೇಡವಾದ ಪರದೇಶಿಯನ್ನು ಹೊರಹಾಕುವ ಅಧಿಕಾರವನ್ನೂ, ಬೇಕೆನಿಸಿದಾಗ ಪರವಾನಗಿ ಇಲ್ಲದೆ ತಿರುಗಾಡಬಾರದೆಂದು ಕಟ್ಟುಮಾಡುವ ಅಧಿಕಾರವನ್ನೂ ಅದು ಕೊಟ್ಟಿತು. ಅದರಲ್ಲಿ 'ವಿದೇಶಿ' ಎಂದರೆ ಯಾರು ಎಂಬ ವಿವರಣೆ ಓದಿ ನನಗೆ ನಗು ಬಂತು. ಬ್ರಿಟಿಷ್ ಪ್ರಜೆಯಾಗಿ ಹುಟ್ಟದವನು, ಬ್ರಿಟಿಷ್ ಇಂಡಿಯಾದ ನಿವಾಸಿಯೂ ಅಲ್ಲದವನು ವಿದೇಶಿ. ನನ್ನ ಅಜ್ಜಿ ಸಂಡೂರಿನವಳು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ, ಸುತ್ತ ಬ್ರಿಟಿಷರ ಬಳ್ಳಾರಿ ಜಿಲ್ಲೆ, ನಡುವೆ ಬೆಟ್ಟದ ಬಟ್ಟಲಿನಂಥ ಪುಟ್ಟ ರಾಜ್ಯ. ಅದು 1949ರ ಏಪ್ರಿಲ್ 1ರಂದು ಮದರಾಸು ಪ್ರಾಂತಕ್ಕೆ ಸೇರಿಕೊಂಡಿತು. ಅಂದರೆ ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಬಂಡಿಯಲ್ಲಿ ಕಣಿವೆ ದಾಟಿ ಹೊಸಪೇಟೆಗೆ ಬಂದ ನನ್ನಜ್ಜಿ ಕಾಯ್ದೆಯ ಅಕ್ಷರದ ಪ್ರಕಾರ ಆ ದಿನ ಪರದೇಶಕ್ಕೆ ಕಾಲಿಟ್ಟ ವಿದೇಶಿ! ನಾನು ಇದನ್ನು ಹೇಳಿದಾಗ ಅಜ್ಜಿ, "ಹೌದೇಳಪ್ಪ, ನಿಮ್ಮ ಮುತ್ತಜ್ಜಿ ನನ್ನ ಹಂಗೇ ನೋಡಿಕೊಂಡಳು" ಎಂದಿದ್ದಳು. ಮಜವೆಂದರೆ ಬಳ್ಳಾರಿಯ ಬಿಸಿಲು ತಾಳದ ಬ್ರಿಟಿಷರು ಬೇಸಿಗೆ ಕಳೆಯಲು ಹತ್ತುತ್ತಿದ್ದ ರಾಮನದುರ್ಗ ಇದ್ದದ್ದು ಸಂಡೂರು ರಾಜ್ಯದಲ್ಲಿ. ಅಲ್ಲಿ ಅವರೇ ಪರಸ್ಥಳದವರು.

ಆಮೇಲೆ ಬಂದದ್ದು 1939ರ ವಿದೇಶಿಯರ ನೋಂದಣಿ ಕಾಯ್ದೆ. ಇಸವಿ ನೋಡಿದರೇ ಕಾರಣ ತಿಳಿಯುತ್ತದೆ. ಯೂರೋಪಿನಲ್ಲಿ ಎರಡನೆಯ ಯುದ್ಧದ ಮೋಡ ಕವಿದಿತ್ತು. ಅದು ಸಂಸ್ಥಾನಗಳ ಪ್ರಜೆಗಳನ್ನು ವಿದೇಶಿಯರ ಲೆಕ್ಕದಿಂದ ಬಿಟ್ಟಿತು. ಮೊದಲ ಯುದ್ಧದಲ್ಲಿ ಏನಾಗುತ್ತದೆಂಬುದನ್ನು ಸರ್ಕಾರ ಆಗಲೇ ನೋಡಿತ್ತು. ಧಾರವಾಡ, ಮಂಗಳೂರುಗಳಲ್ಲಿ ಶಾಲೆ, ಅಚ್ಚುಕೂಟ ಕಟ್ಟಿ ಕನ್ನಡ ಕಲಿತು ಕನ್ನಡದಲ್ಲೇ ಬದುಕಿದ್ದ ಬಾಸೆಲ್ ಮಿಷನ್ನಿನ ಜರ್ಮನರು 1914ರ ನಂತರ ಇದ್ದಕ್ಕಿದ್ದಂತೆ ಶತ್ರು ದೇಶದವರಾಗಿ ಅಹಮದ್‌ನಗರದ ಶಿಬಿರ ಸೇರಿದರು. ಯಾರು ಯಾವ ಮನೆಯಲ್ಲಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನೆನ್ನೆಯವರೆಗೆ ಕಾಗದ ಹಾಕಲು ಬೇಕಾಗಿದ್ದ ವಿಳಾಸ ಈಗ ಹಿಡಿದೊಯ್ಯಲು ಬಂತು. 1939ರ ಕಾಯ್ದೆಯ ಬೆನ್ನಿಗೇ 1946ರಲ್ಲಿ ಇನ್ನೊಂದು ಬಂತು. ಸ್ವಾತಂತ್ರ್ಯದ ನಂತರವೂ ಎರಡೂ ಉಳಿದವು. ನಾನು ತುಂಬುತ್ತಿದ್ದ ಫಾರಮ್ಮು ಅವುಗಳ ಕೂಸು.

ಗಲ್ಲಾದ ಮೇಲೆ ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ನಾನು ವಿಜಯನಗರಕ್ಕೆ ಬಂದ ವಿದೇಶಿಯರ ಬರಹಗಳನ್ನು ಮತ್ತೆ ಓದುತ್ತಿದ್ದೆ. ಪರೀಕ್ಷೆಗೆ ಓದಿದಾಗ ಕಾಣದಿದ್ದದ್ದು ಲಾಡ್ಜಿನವನಾಗಿ ಓದಿದಾಗ ಕಂಡಿತು. ಬಂದವರೆಲ್ಲ ತಮ್ಮನ್ನು ಎಲ್ಲಿ ಇಳಿಸಿದರು, ಊಟಕ್ಕೇನು ಕೊಟ್ಟರು ಎಂಬುದನ್ನು ತಪ್ಪದೆ ಬರೆದಿದ್ದಾರೆ. 1443ರಲ್ಲಿ ಹೆರಾತಿನ ಶಾರೂಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನ ಸರ್ಕಾರ ಎತ್ತರದ ಜಾಗದಲ್ಲಿ ಮನೆ ಕೊಟ್ಟಿತು. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಚಿನ್ನ. ನಮ್ಮ ಲಾಡ್ಜಿನ ಯಜಮಾನರಿಗೆ ಈ ಪಟ್ಟಿ ಓದಿ ಹೇಳಿದಾಗ ಅವರು, "ಬಾಡಿಗೆ ಎಷ್ಟಂತ?" ಎಂದು ಕೇಳಿದರು. ರಜಾಕನ ಸುಖ ಹಾಗೇ ನಡೆಯಲಿಲ್ಲ. ಅಲ್ಲಿದ್ದ ಹರ್ಮುಜ್ ಪಟ್ಟಣದ ವರ್ತಕರು, ಇವನು ಶಾರೂಖನ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ದಣ್ಣಾಯಕ ಊರಲ್ಲಿಲ್ಲದಾಗ ಅವನ ಜಾಗಕ್ಕೆ ಬಂದವನು ದಿನದ ಪಡಿ ನಿಲ್ಲಿಸಿಬಿಟ್ಟ. ಹೇಳಿಕೊಂಡ ಹೆಸರು ನಿಜವೋ ಸುಳ್ಳೋ ಎಂದು ತಾಳೆ ನೋಡಲು ಕಾಗದವಿಲ್ಲದಿದ್ದರೆ ಹೀಗೂ ಆಗುತ್ತದೆ. ದಣ್ಣಾಯಕ ಮರಳಿದ ಮೇಲೆ ಎಲ್ಲ ಸರಿಹೋಯಿತು.

ನಮ್ಮ ಹೊಸಪೇಟೆಯ ಪಾಲೂ ಇದರಲ್ಲಿದೆ. ಇದು ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರ. 1520ರ ಸುಮಾರಿಗೆ ಪೋರ್ಚುಗೀಸರ ಡೊಮಿಂಗೊ ಪಾಯಸ್ ಬಂದಾಗ ರಾಯ ಇದ್ದದ್ದು ಈ ಹೊಸ ಊರಿನಲ್ಲೇ. ಪಾಯಸನ ತಂಡದ ಮುಖ್ಯಸ್ಥನನ್ನು ಒಳ್ಳೆಯ ಮನೆಗಳಲ್ಲಿ ಇಳಿಸಿ, ಕುರಿ ಕೋಳಿಗಳ ಜೊತೆಗೆ ಗಡಿಗೆಗಟ್ಟಲೆ ಬೆಣ್ಣೆ, ಜೇನುತುಪ್ಪ ಕಳಿಸಿದರಂತೆ. ಕುದುರೆ, ಆನೆ ತರುವ ದೂರದೇಶದ ವ್ಯಾಪಾರಿಗಳಿಗೆ ಪಟ್ಟಣದಲ್ಲಿ ಮನೆ ಕೊಟ್ಟು ಅವರನ್ನು ಹಚ್ಚಿಕೊಂಡಿರಬೇಕು ಎಂಬ ನೀತಿಯನ್ನು ರಾಯ ತನ್ನ 'ಆಮುಕ್ತಮಾಲ್ಯದ'ದಲ್ಲೇ ಹೇಳಿದ್ದಾನೆ. ಇಲ್ಲದಿದ್ದರೆ ಆ ಕುದುರೆಗಳು ಶತ್ರುವಿನ ಲಾಯ ಸೇರುತ್ತವೆ ಎಂಬ ಲೆಕ್ಕಾಚಾರವೂ ಅದರೊಳಗಿದೆ. ಅದೇ ಕಾಲದ ದುವಾರ್ತೆ ಬಾರ್ಬೋಸಾ ಬರೆದದ್ದು ನನ್ನನ್ನು ಬಹಳ ಕಾಡಿತು. ಈ ರಾಜ್ಯದಲ್ಲಿ ಯಾರು ಬೇಕಾದರೂ ಬರಬಹುದು, ಹೋಗಬಹುದು, ನೆಲೆಸಬಹುದು, ನೀನು ಯಾವ ಮತದವನೆಂದು ಕೇಳುವವರಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಕೇಳುವವರಿಲ್ಲದ ಆ ನಗರದ ಹಾಳುಗಳನ್ನು ನೋಡಲು ಬಂದವರನ್ನು ನಾನು ಹದಿನೈದು ಪ್ರಶ್ನೆ ಕೇಳುತ್ತಿದ್ದೆನಲ್ಲ! ಹಂಪಿಯಲ್ಲಂತೂ ಬಹಳ ವರ್ಷ, ವಿರೂಪಾಕ್ಷನ ಗುಡಿಯೊಳಗಿದ್ದ ಪೊಲೀಸ್ ಔಟ್‌ಪೋಸ್ಟಿನಲ್ಲಿ ಹೆಸರು ಬರೆಸಿ ಹೋಗಿ ಎಂದು ವಿದೇಶಿಯರಿಗೆ ಹೇಳುತ್ತಿದ್ದರು.

ಇಷ್ಟರಲ್ಲಿ ನನಗೆ ಆ ಫಾರಮ್ಮಿನ ಮೇಲೆ ಒಂದು ತಾತ್ಸಾರ ಬೆಳೆದಿತ್ತು. ಇದು ಬ್ರಿಟಿಷರು ಬಿಟ್ಟುಹೋದ ಸಂಶಯದ ಕಾಗದ, ಅತಿಥಿಗೆ ಮಾಡುವ ಅವಮಾನ ಎಂದು ಯಜಮಾನರೆದುರು ಭಾಷಣ ಬಿಗಿಯುತ್ತಿದ್ದೆ. ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಕೈ ಮಾತ್ರ ನನ್ನ ಭಾಷಣವನ್ನು ನಂಬಿತ್ತು.

1996ರ ಆಗಸ್ಟಿನಲ್ಲಿ ಯೂರೋಪಿನ ಒಬ್ಬ ಹುಡುಗ ಬಂದ. ದೇಶದ ಹೆಸರು ಬೇಡ. ವಯಸ್ಸು ಇಪ್ಪತ್ತೈದು. ಎರಡು ರಾತ್ರಿ ಇದ್ದ. ಇಡ್ಲಿಗೆ ಸಕ್ಕರೆ ಹಾಕಿಸಿಕೊಂಡು ತಿನ್ನುತ್ತಿದ್ದ, ಅದಕ್ಕೇ ನೆನಪು. 'ಮುಂದೆ ಎಲ್ಲಿಗೆ' ಎಂಬಲ್ಲಿ ಗೋವಾ ಎಂದು ಬರೆದಿದ್ದ. ಆದರೆ ಗೋವಾಕ್ಕೆ ಹೋಗಲಿಲ್ಲ. ಹಂಪಿಗೆ ಹೋಗಿ, ಹರಿಗೋಲಿನಲ್ಲಿ ಹೊಳೆ ದಾಟಿ ವಿರೂಪಾಪುರಗಡ್ಡೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗೆ ಕೊಡುತ್ತಿದ್ದ ಗುಡಿಸಲಲ್ಲಿ ಉಳಿದ.

ಈ ಹೊಳೆಯ ವಿಷಯ ಹೇಳಬೇಕು. ಹಂಪಿಯ ದಡದಿಂದ ಗಡ್ಡೆಗೆ ಕೂಗಿದರೆ ಕೇಳುತ್ತದೆ. ಆದರೆ ಹರಿಗೋಲಿನ ಆ ಹತ್ತು ನಿಮಿಷದಲ್ಲಿ ಜಿಲ್ಲೆ ಬದಲಾಗುತ್ತದೆ. ನಾನು ಹೇಳುತ್ತಿರುವ ಕಾಲಕ್ಕೆ ಈಚೆ ದಡ ಬಳ್ಳಾರಿ, ಆಚೆ ದಡ ರಾಯಚೂರು. ಮರುವರ್ಷ, 1997ರಲ್ಲಿ, ಅದು ಹೊಸ ಕೊಪ್ಪಳ ಜಿಲ್ಲೆಗೆ ಹೋಯಿತು. ಈಚೆ ದಡವೂ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. 1948ಕ್ಕೆ ಮೊದಲು ಆಚೆಯದು ನಿಜಾಮನ ರಾಜ್ಯ. ರಜಾಕಾರರ ಹಾವಳಿಯಲ್ಲಿ ಆ ದಡದವರು ಮಕ್ಕಳುಮರಿ ಕಟ್ಟಿಕೊಂಡು ಈ ದಡಕ್ಕೆ ಬಂದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಈಜಿ ದಾಟುವ ನೀರಿನ ನಡುವೆ ಎರಡು ಸರ್ಕಾರ ಬದುಕಿದ ಜಾಗವಿದು. ಹಾಗಾಗಿ ಹುಡುಗ ಹೊಳೆ ದಾಟಿದ ಕೂಡಲೇ ಬಳ್ಳಾರಿಯ ಲೆಕ್ಕದಿಂದ ಹೊರಗಾದ. ಗಡ್ಡೆಯ ಹೆಂಗಸಿಗೆ ಓದು ಬರಹ ಬರುತ್ತಿರಲಿಲ್ಲ, ಸಿ ಫಾರಮ್ಮು ಎಂಬುದೊಂದಿದೆ ಎಂದೂ ಗೊತ್ತಿರಲಿಲ್ಲ. ರಾಯಚೂರಿನ ಲೆಕ್ಕಕ್ಕೆ ಅವನು ಬರಲೇ ಇಲ್ಲ.

ಮೇಲೆ ಮಳೆ ಜೋರಾಗಿ ತುಂಗಭದ್ರಾ ಜಲಾಶಯದ ಗೇಟು ತೆಗೆದಿದ್ದರು. ಮಧ್ಯಾಹ್ನ ಬಂಡೆಯಿಂದ ನೀರಿಗಿಳಿದವನು ಮೇಲೇಳಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಚೀಲದಲ್ಲೇ ಪಾಸ್‌ಪೋರ್ಟು ಇತ್ತೆಂದು ಆ ಹೆಂಗಸು ಹೇಳಿದಳು. ಚೀಲ ಸಿಗಲಿಲ್ಲ. ಅವನು ಮೂರನೆಯ ದಿನ ಕಂಪ್ಲಿಯ ಹತ್ತಿರ ಈಚೆ ದಡದಲ್ಲಿ ಸಿಕ್ಕ. ಗುಡಿಸಲಲ್ಲಿ ಬಿಟ್ಟಿದ್ದ ಪುಸ್ತಕದೊಳಗೆ ನಮ್ಮ ಲಾಡ್ಜಿನ ರಸೀದಿ ಇತ್ತು. ಗುರುತು ಹಿಡಿಯಲು ರೈಟರು ನನ್ನನ್ನು ಜೀಪಿನಲ್ಲಿ ಕಂಪ್ಲಿಗೆ ಕರೆದುಕೊಂಡು ಹೋದರು. ಗುರುತು ಹಿಡಿದೆ. ಪಂಚನಾಮೆಗೆ ಸಹಿ ಹಾಕಿದೆ.

ಅವನು ಯಾರ ಮಗ, ಎಲ್ಲಿಗೆ ತಿಳಿಸಬೇಕು ಎಂಬುದಕ್ಕೆ ಇಡೀ ದೇಶದಲ್ಲಿ ಕೈಗೆ ಸಿಕ್ಕ ಒಂದೇ ಕಾಗದ ನಾನು ತುಂಬಿದ ಸಿ ಫಾರಮ್ಮು. ರೈಟರು ತಂತಿಯಿಂದ ಅದನ್ನು ಬಿಡಿಸಿ ಆ ದಿನವೇ ಮೇಲಕ್ಕೆ ಕಳಿಸಿದರು. ರಾಯಭಾರ ಕಚೇರಿಯಿಂದ ಉತ್ತರ ಬಂತು: ಈ ನಂಬರಿನ ಪಾಸ್‌ಪೋರ್ಟನ್ನು ನಾವು ಈ ಹೆಸರಿಗೆ ಕೊಟ್ಟಿಲ್ಲ. ಮನೆಯ ವಿಳಾಸಕ್ಕೆ ಹೋದ ತಂತಿಯೂ, ಅಂಥವರು ಇಲ್ಲಿಲ್ಲ ಎಂದು ಹಿಂದಕ್ಕೆ ಬಂತು. ಹೆಸರೇ ಸುಳ್ಳಿರಬೇಕು ಎಂಬ ಮಾತೂ ಹುಟ್ಟಿತು. ಪಾಪ, ರಜಾಕನಿಗೆ ಹರ್ಮುಜಿನವರು ಹಬ್ಬಿಸಿದಂಥ ಸುದ್ದಿ. ಆಗ ಇಲ್ಲಿ ಶವವನ್ನು ತಣ್ಣಗೆ ಇಡುವ ಅನುಕೂಲವಿರಲಿಲ್ಲ. ನೀರಿನಲ್ಲಿ ಮೂರು ದಿನ ಇದ್ದದ್ದು ಬೇರೆ. ಕಾದು ನೋಡಿ, ಅಪ್ಪಣೆ ಪಡೆದು, ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿದರು. ನಿಜವಾದ ಮನೆ ಗೊತ್ತಾದದ್ದು ಹನ್ನೊಂದನೆಯ ದಿನ. ಅವನು ಕಾಗದ ಬರೆಯಲಿಲ್ಲವೆಂದು ಅವರ ಮನೆಯವರೇ ರಾಯಭಾರ ಕಚೇರಿಯನ್ನು ವಿಚಾರಿಸಿದ ಮೇಲೆ.

ಆ ಹನ್ನೊಂದು ದಿನ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಕಂಪ್ಲಿಯ ಹಳೆಯ ಕಥೆ. ಜೀಪಿನಲ್ಲಿ ಮರಳುವಾಗ ರೈಟರು ಮಾತಾಡದೆ ಕೂತಿದ್ದರು. ನನಗೆ ಕಂಪಿಲರಾಯ ನೆನಪಾದ. 1327ರ ಸುಮಾರು. ಸಗರದ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗುರ್ಶಾಸ್ಪ್ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧು. ಅವನ ಮೇಲೆಯೇ ದಂಗೆಯೆದ್ದು, ಸೋತು, ಓಡಿಬಂದು ಕಂಪಿಲರಾಯನ ಮರೆಹೊಕ್ಕ. ಎಲ್ಲಿದ್ದಾನೆ, ಒಪ್ಪಿಸು ಎಂದು ಸುಲ್ತಾನ ಕೇಳಿದ. ಕಂಪಿಲ ಒಪ್ಪಿಸಲಿಲ್ಲ. ಸೈನ್ಯದ ಮೇಲೆ ಸೈನ್ಯ ಬಂತು. ಕೊನೆಗೆ ಉಳಿಗಾಲವಿಲ್ಲವೆಂದು ಕಂಡಾಗ ಕಂಪಿಲ, ನನ್ನ ಗತಿ ಮುಗಿಯಿತು, ನೀನು ಇಂಥ ರಾಜನ ಬಳಿ ಹೋಗಿ ಬದುಕಿಕೋ ಎಂದು ಅತಿಥಿಯನ್ನು ಮೊದಲು ದಾಟಿಸಿದ. ಆಮೇಲೆ ಹೆಂಗಸರು ಬೆಂಕಿಗೆ ಬಿದ್ದರು, ತಾನು ಕಾದಾಡಿ ಸತ್ತ. ಇಬ್ನ್ ಬತೂತ ಇದನ್ನೆಲ್ಲ ಬರೆದಿದ್ದಾನೆ. ಸೆರೆಯಾಗಿ ದೆಹಲಿ ಸೇರಿದ ಕಂಪಿಲನ ಮಕ್ಕಳಲ್ಲಿ ಕೆಲವರನ್ನು ಅವನು ಅಲ್ಲಿ ಕಂಡಿದ್ದ. ಗುರ್ಶಾಸ್ಪ್ ಹೋಗಿ ಸೇರಿದ್ದು ಹೊಯ್ಸಳ ಮೂರನೆಯ ಬಲ್ಲಾಳನನ್ನು. ಬಲ್ಲಾಳ ಹಿಡಿದುಕೊಟ್ಟ, ಸುಲ್ತಾನ ಅವನನ್ನು ಘೋರವಾಗಿ ಕೊಲ್ಲಿಸಿದ. ನಮ್ಮ ಕಡೆ ಜನ ಕಂಪಿಲನ ಮಗ ಕುಮಾರರಾಮನ ಕಥೆಯನ್ನು ಹಾಡಿಕೊಂಡರು. ಬಲ್ಲಾಳನನ್ನು ನಾನು ಹಳಿಯಲಾರೆ, ಅವನಿಗೂ ಕಾಯಲು ಒಂದು ರಾಜ್ಯವಿತ್ತು.

ಎಲ್ಲಿ ಇಳಿದುಕೊಂಡಿದ್ದಾನೆ ಎಂಬ ಪ್ರಶ್ನೆಗೆ ಇದುವರೆಗೆ ಎರಡೇ ಉಪಯೋಗ ನನಗೆ ಗೊತ್ತಿದ್ದವು. ದೇವರಾಯ ಕೇಳಿದ್ದು ಅಕ್ಕಿ ಬೆಣ್ಣೆ ಕಳಿಸಲಿಕ್ಕೆ, ತುಘಲಕ ಕೇಳಿದ್ದು ಹಿಡಿಯಲಿಕ್ಕೆ. ಎಲ್ಲೋ ದೂರದಲ್ಲಿ ಒಬ್ಬ ತಾಯಿಗೆ ಹೇಳಿಕಳಿಸಲಿಕ್ಕೂ ಕೇಳುತ್ತಾರೆ ಎಂಬುದು ಎಂ.ಎ.ದಲ್ಲಿ ಯಾರೂ ಪಾಠ ಮಾಡಿರಲಿಲ್ಲ.

ತಂದೆ ಒಬ್ಬರೇ ಬಂದರು. ಎತ್ತರದ ಮನುಷ್ಯ, ಇಂಗ್ಲಿಷು ನನಗಿಂತ ಕಡಿಮೆ. ಸ್ಮಶಾನಕ್ಕೆ ಹೋಗಿಬಂದ ಮೇಲೆ ಮಗ ಮಲಗಿದ್ದ ಕೋಣೆ ನೋಡಬೇಕೆಂದರು. ನೋಡಿ ಇಳಿದುಬಂದು ರಿಜಿಸ್ಟರು ಕೇಳಿದರು. ಮಗನ ಕೈಬರಹದ ಆ ಒಂದು ಸಾಲನ್ನು ಬಹಳ ಹೊತ್ತು ನೋಡಿದರು. ರೈಟರು ಪಕ್ಕದಲ್ಲಿ ಫಾರಮ್ಮಿನ ನಕಲು ಇಟ್ಟಿದ್ದರು. ಅವರು ಎರಡನ್ನೂ ನೋಡಿ, ರಿಜಿಸ್ಟರಿನ ಒಂದು ಅಂಕಿಯ ಮೇಲೆ ಬೆರಳಿಟ್ಟು, "ಒನ್" ಎಂದರು. ಫಾರಮ್ಮಿನ ಮೇಲೆ ಬೆರಳಿಟ್ಟು, "ಸೆವೆನ್" ಎಂದರು. ಮತ್ತೇನೂ ಅನ್ನಲಿಲ್ಲ.

ಯೂರೋಪಿನವರು ಒಂದನ್ನು ಬರೆಯುವಾಗ ನೆತ್ತಿಯಿಂದ ಎಡಕ್ಕೊಂದು ಉದ್ದನೆಯ ಗೆರೆ ಇಳಿಸುತ್ತಾರೆ. ನಮ್ಮ ಕಣ್ಣಿಗೆ ಅದು ಏಳರಂತೆಯೇ ಕಾಣುತ್ತದೆ. ಅವರ ಏಳಿಗೆ ನಡುವೆ ಅಡ್ಡಗೆರೆ ಇರುತ್ತದೆ. ಹುಡುಗನ ಮನೆಯ ನಂಬರು 17. ನಾನು 77 ಎಂದು ಬರೆದಿದ್ದೆ. ಪಾಸ್‌ಪೋರ್ಟಿನ ನಂಬರಿನಲ್ಲಿದ್ದ ಎರಡು ಒಂದುಗಳನ್ನೂ ಏಳು ಮಾಡಿದ್ದೆ. ಪಾಸ್‌ಪೋರ್ಟು ತೆಗೆಸಿ ತಾಳೆ ನೋಡಬೇಕಾಗಿತ್ತು, ನೋಡಿರಲಿಲ್ಲ. "ಅವರ ಒಂದೇ ಹಂಗಿರ್ತೈತಿ, ನೀನೇನು ಮಾಡ್ತಿ ಬಿಡಪಾ" ಎಂದು ರೈಟರು ಸಮಾಧಾನ ಹೇಳಿದರು. ಅವರು ಆವತ್ತು ನನ್ನನ್ನು ಎಮ್ಮೆ ಎನ್ನಲಿಲ್ಲ. ಆದರೆ ಅದೇ ಸಾಲಿನಲ್ಲಿ ಹುಡುಗ ತನ್ನ ಹುಟ್ಟಿದ ವರ್ಷ ಬರೆದಿದ್ದ: 1971. ಅದರಲ್ಲಿ ಅವನ ಒಂದೂ ಇತ್ತು, ಏಳೂ ಇತ್ತು, ಪಕ್ಕಪಕ್ಕದಲ್ಲೇ. ಅದನ್ನು ಮಾತ್ರ ನಾನು ಸರಿಯಾಗಿ ನಕಲು ಮಾಡಿದ್ದೆ. ಒಂದು ಕ್ಷಣ ನಿಂತು ನೋಡಿದ್ದರೆ ಅವನ ಅಂಕಿಗಳ ಕೀಲಿಕೈ ಅಲ್ಲೇ ಇತ್ತು. ಶಾಸನದ ಲಿಪಿ ಓದಲು ಕಲಿತವನು ನಾನು. ಒಂದು ಅಕ್ಷರ ತಿಳಿಯದಿದ್ದರೆ ಅದೇ ಶಾಸನದಲ್ಲಿ ಬೇರೆ ಕಡೆ ಅದು ಹೇಗಿದೆ ನೋಡಬೇಕೆಂದು ನಮ್ಮ ಗುರುಗಳು ನೂರು ಸಲ ಹೇಳಿದ್ದರು.

ತಂದೆ ಮಗನನ್ನು ಇಲ್ಲಿಂದ ಎಬ್ಬಿಸಲಿಲ್ಲ. ಗಡ್ಡೆಗೂ ಹೋಗಿ ಆ ಹೆಂಗಸಿನ ಕೈಯ ಚಹಾ ಕುಡಿದು, ಮರುದಿನ ಹೊರಟುಹೋದರು. ಮರುವರ್ಷ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಬಂದವರ ಮುಂದೆಯೇ ಫಾರಮ್ಮು ತುಂಬಿ, ಓದಿ ಹೇಳಿ, ಹೌದೆನಿಸಿಕೊಂಡು ಒಪ್ಪಿಸುತ್ತಿದ್ದೆ. ಕೆಲವರಿಗೆ ಬೇಸರವಾಗುತ್ತಿತ್ತು.

ಈ ಕಾಗದದ ಇನ್ನೊಂದು ಬದಿಗೆ ನಿಲ್ಲುವ ಸರದಿಯೂ ಬಂತು. ನನ್ನ ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋದಳು. 2014ರಲ್ಲಿ ನಾವಿಬ್ಬರೂ ಹೋಗಿ ಆರು ತಿಂಗಳು ಅವಳ ಮನೆಯಲ್ಲಿದ್ದಾಗ ಅವಳು ಬಾಡಿಗೆ ಮನೆ ಬದಲಾಯಿಸಿದಳು. ಸಾಮಾನು ಇನ್ನೂ ಬಿಚ್ಚಿರಲಿಲ್ಲ, ಕಂಪ್ಯೂಟರಿನ ಮುಂದೆ ಕೂತು, "ಅಪ್ಪಾ, ಮನೆ ಬದಲಾದ ಹತ್ತು ದಿನದೊಳಗೆ ಇಮಿಗ್ರೇಶನ್ನಿಗೆ ತಿಳಿಸಬೇಕು, ಎ.ಆರ್.-11 ಅಂತ ಒಂದು ಫಾರಂ ಇದೆ" ಎಂದಳು. ನನಗೆ ಕುತೂಹಲ ಕೆರಳಿತು. ಅವರ ಕಾಯ್ದೆ 1940ರದು. ನಮ್ಮದಕ್ಕಿಂತ ಒಂದೇ ವರ್ಷ ಚಿಕ್ಕದು, ಅದೇ ಯುದ್ಧದ ಭಯದಲ್ಲಿ ಹುಟ್ಟಿದ್ದು. ಆ ವರ್ಷ ಅಲ್ಲಿನ ವಿದೇಶಿಯರೆಲ್ಲ ಅಂಚೆ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕಾಯಿತು. ಬಹಳ ಕಾಲ ಪ್ರತಿ ಜನವರಿಯಲ್ಲೂ, ಮನೆ ಬದಲಾಗಿರಲಿ ಬಿಡಲಿ, ವಿಳಾಸದ ಕಾರ್ಡು ತುಂಬಿ ಕೊಡುವ ನಿಯಮವಿತ್ತು. 1981ರಲ್ಲಿ ಅದನ್ನು ತೆಗೆದರು. ಎಪ್ಪತ್ತರ ದಶಕದಲ್ಲಿ ಅಲ್ಲಿಗೆ ಡಾಕ್ಟರಾಗಿ ಹೋದ ನನ್ನ ಚಿಕ್ಕಪ್ಪನ ಮಗ, ನಮ್ಮಲ್ಲಿ ಸಂಕ್ರಾಂತಿ ನಡೆಯುವಾಗ ತಾನು ಹಿಮದಲ್ಲಿ ನಡೆದು ಪೋಸ್ಟಾಫೀಸಿನಲ್ಲಿ ಸರದಿಗೆ ನಿಲ್ಲುತ್ತಿದ್ದೆನೆಂದು ಹೇಳುತ್ತಿದ್ದ.

ಅಷ್ಟು ಕಷ್ಟಪಟ್ಟು ಬರೆದು ಕಳಿಸಿದ್ದನ್ನು ಓದುವವರಿದ್ದರೇ? 2001ರ ಸೆಪ್ಟೆಂಬರಿನ ದಾಳಿಯ ನಂತರ ಅಲ್ಲಿನ ಸರ್ಕಾರ ಈ ಹಳೆಯ ನಿಯಮದ ಧೂಳು ಕೊಡವಿ, ವಿಳಾಸ ತಿಳಿಸದವರ ಮೇಲೆ ಕ್ರಮ ಎಂದು ಗುಡುಗಿತು. 2002ರಲ್ಲಿ ನೋಡಿದರೆ, ಜನ ನಿಷ್ಠೆಯಿಂದ ಕಳಿಸಿದ್ದ ಸುಮಾರು 2 ಲಕ್ಷ ವಿಳಾಸ ಬದಲಾವಣೆಯ ಕಾಗದಗಳು ಕಾನ್ಸಾಸ್ ಸಿಟಿಯ ಬಳಿ ನೆಲದಡಿಯ ಉಗ್ರಾಣವೊಂದರ ಪೆಟ್ಟಿಗೆಗಳಲ್ಲಿ ಯಾರೂ ಮುಟ್ಟದೆ ಬಿದ್ದಿದ್ದವು. ನಮ್ಮ ರೈಟರ ತಂತಿಯೇ ವಾಸಿ ಎನಿಸಿತು. ಅವರದ್ದು ಕೊನೆಗೆ ಕೈಗಾದರೂ ಸಿಕ್ಕಿತು. ಮಗಳು ಫಾರಂ ತುಂಬಿ ಗುಂಡಿ ಒತ್ತುವ ಮೊದಲು ನಾನು, "ತಡೀ, ಮನೆ ನಂಬರ್ ಓದು" ಎಂದೆ. "ಸರಿಯಾಗೇ ಇದೆ ಅಪ್ಪಾ" ಎಂದಳು. ಓದಿಸಿಯೇ ಬಿಟ್ಟೆ. ಅವಳಿಗೆ ಈ ಕಥೆ ಗೊತ್ತಿರಲಿಲ್ಲ.

ಈಗ ನಮ್ಮಲ್ಲೂ ಕಾರ್ಬನ್ನಿಲ್ಲ, ತಂತಿಯಿಲ್ಲ. ಆ ವರದಿಯನ್ನು ಕಂಪ್ಯೂಟರಿನಲ್ಲೇ ಕಳಿಸುತ್ತಾರೆ. 1939ರ ಮತ್ತು 1946ರ ಕಾಯ್ದೆಗಳನ್ನು ತೆಗೆದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿದ್ದಾರೆ. ಇಳಿಸಿಕೊಂಡವರು ತಿಳಿಸಬೇಕೆಂಬ ಹೊಣೆ ಹೊಸದರಲ್ಲೂ ಹಾಗೇ ಇದೆ.

ಬದಲಾದದ್ದು ವಿಳಾಸಗಳು. ನಾವು ಸಾವಿರಾರು ವಿದೇಶಿಯರು 'ಮುಂದೆ ಎಲ್ಲಿಗೆ' ಎಂಬಲ್ಲಿ ಬರೆದುಹೋದ ಹಂಪಿ ಬಜಾರಿನ ಮನೆಗಳು 2011ರ ಜುಲೈಯಲ್ಲಿ ನೆಲಸಮವಾದವು. ಕಲ್ಲಿನ ಸಾಲುಮಂಟಪಗಳ ನಡುವೆ ಗೋಡೆಯೆಬ್ಬಿಸಿ ಬದುಕಿದ್ದವರು ಊರಾಚೆ ಹೋದರು. ವಿರೂಪಾಪುರಗಡ್ಡೆಯ ರೆಸಾರ್ಟು, ಗೆಸ್ಟ್ ಹೌಸುಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ನಡೆದು, 2020ರ ಫೆಬ್ರುವರಿಯಲ್ಲಿ ತೀರ್ಪು ಅವರ ವಿರುದ್ಧವಾಯಿತು. ಮಾರ್ಚಿನಲ್ಲಿ ಅವೂ ಹೋದವು. ಸ್ಮಾರಕಗಳನ್ನು ಉಳಿಸಬೇಕೆಂಬುದರಲ್ಲಿ ಇತಿಹಾಸದ ಮೇಷ್ಟ್ರಾದ ನನಗೆ ಎರಡು ಮಾತಿಲ್ಲ. ಆದರೂ ಮುರಿದ ಗೋಡೆಗಳ ಚಿತ್ರ ಪತ್ರಿಕೆಯಲ್ಲಿ ನೋಡಿದ ದಿನ ಊಟ ಸೇರಲಿಲ್ಲ.

ಗಡ್ಡೆಯ ಆ ಹೆಂಗಸಿನ ಒಂದು ಗುಡಿಸಲು ವರ್ಷಗಳಲ್ಲಿ ಆರು ಕೋಣೆಯಾಗಿತ್ತು. ಎಲ್ಲ ಹೋದ ಮೇಲೆ ಅವಳು ಮಗನ ಜೊತೆ ಸಾಣಾಪುರದ ಕಡೆ ಇದ್ದಾಳೆ. ಹೋದ ವರ್ಷ ಒಂದು ದಿನ ಮಗನ ಮೋಟಾರ್ ಸೈಕಲ್ಲಿನ ಮೇಲೆ ನಮ್ಮ ಮನೆಗೆ ಬಂದಳು. ಆಧಾರಿನಲ್ಲಿ ವಿಳಾಸ ಬದಲಿಸಬೇಕಂತೆ. ಮಗನಿಗೆ ಬರುತ್ತದೆ, ಆದರೆ "ನೀವು ಒಂದ್ಸಲ ನೋಡ್ರಿ ಮೇಷ್ಟ್ರೇ" ಎಂದು ತಂದಿದ್ದಳು. ಎಪ್ಪತ್ತು ದಾಟಿದ ಅವಳ ಹಳೆಯ ಕಾರ್ಡಿನಲ್ಲಿ ಇನ್ನೂ ವಿರೂಪಾಪುರಗಡ್ಡೆ ಎಂದೇ ಇತ್ತು.

"ಇದು ತೆಗೆದ್ರೆ ಆ ಹುಡುಗನ ಅಪ್ಪ ಮತ್ತೆ ಕಾಗದ ಬರೆದ್ರ ಎಲ್ಲಿಗೆ ಬರ್ತೈತಿ?" ಎಂದು ಕೇಳಿದಳು. ಆ ತಂದೆ ಪ್ರತಿವರ್ಷ ಆಗಸ್ಟಿನಲ್ಲಿ ಅವಳಿಗೊಂದು ಕಾರ್ಡು ಕಳಿಸುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಕೊನೆಯದು ಬಂದದ್ದು 2018ರಲ್ಲಿ. ಹಿಂದೆ ಅವರ ವಿಳಾಸವಿರುತ್ತದೆ ಎಂದು ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಮಗ ಸಾಣಾಪುರದ ಮನೆಯ ನಂಬರು ಹೇಳಿದ. ನಾನು ಅವಳ ಹೊಸ ವಿಳಾಸವನ್ನು ಮೊದಲು ಆ ಫಾರಮ್ಮಿನಲ್ಲಿ ಬರೆದೆ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಇಂಗ್ಲಿಷಿನಲ್ಲಿ ಎರಡು ಸಾಲಿನ ಕಾಗದ ಬರೆದು, ಅದರ ಕೆಳಗೂ ಬರೆದೆ. ಲಕೋಟೆಯ ಮೇಲೆ ಮನೆ ನಂಬರು ಬರೆಯುವಾಗ ಒಂದನ್ನು ಅವರ ರೀತಿಯಲ್ಲೇ ಗೆರೆಯೆಳೆದು, ಏಳಿಗೆ ನಡುವೆ ಅಡ್ಡ ಹಾಕಿದೆ.